ಫಿಟ್ಸ್ ಇದೆ ಅಂತ ಬರೆದರೆ ಪಾಲಿಸಿ ಸಿಗಲ್ಲ, ಬರೆಯದಿದ್ದರೆ ಕ್ಲೇಮ್ ಸಿಗಲ್ಲ: ಏನು ಮಾಡಲಿ?

ಪ್ರಶ್ನೆ: ನನಗೆ 29 ವರ್ಷ. ಪಿಯುಸಿ ಓದುವಾಗ ಫಿಟ್ಸ್ ಶುರುವಾಯಿತು. ದಿನಕ್ಕೆರಡು ಮಾತ್ರೆ ತಗೊಳ್ತೇನೆ, ನಾಲ್ಕು ವರ್ಷದಿಂದ ಒಮ್ಮೆಯೂ ಬಂದಿಲ್ಲ. ಆರೋಗ್ಯ ವಿಮೆಗೆ ಅರ್ಜಿ ಹಾಕಿದರೆ ಎರಡು ಕಂಪನಿಯವರು ಆಗಲ್ಲ ಅಂದರು, ಕಾರಣ ಹೇಳಲಿಲ್ಲ. ಈಗ ಪರಿಚಯದ ಏಜೆಂಟ್ ಒಬ್ಬರು, 'ಫಿಟ್ಸ್ ವಿಷಯ ಬರೆಯಲೇಬೇಡಿ ಮೇಡಂ, ಐದು ವರ್ಷ ಕಳೆದರೆ ಯಾರೂ ಕೇಳಲ್ಲ' ಅಂತಿದ್ದಾರೆ. ನನ್ನ ಸಂಬಳ 19,000. ಅದರಲ್ಲಿ ಇಎಸ್‌ಐ ಅಂತ 143 ರೂಪಾಯಿ ಹಿಡೀತಾರೆ, ಅದು ಬಿಟ್ಟರೆ ಯಾವ ವಿಮೆಯೂ ಇಲ್ಲ. ಅವರ ಮಾತು ಕೇಳಬಹುದಾ?

ಉತ್ತರ: ಏಜೆಂಟ್ ವಿಷಯ ಆಮೇಲೆ. ಮೊದಲು ಆ 143 ರೂಪಾಯಿ. ಅದನ್ನು ನೀವು ಲೆಕ್ಕಕ್ಕೇ ಇಟ್ಟಿಲ್ಲ, ಆದರೆ ನಿಮ್ಮ ಹತ್ತಿರ ಇರುವ ಅತಿ ಒಳ್ಳೆಯ ವಿಮೆ ಅದೇ, ನೌಕರರಿಗೆಂದು ಇರುವ ಸರ್ಕಾರಿ ವಿಮೆ. ನಿಮ್ಮ ಪಾಲು ಸಂಬಳದ ಶೇ 0.75, ಮಾಲೀಕರು ಹಾಕುವುದು ಶೇ 3.25. ಮೊದಲಿನಿಂದ ಇದ್ದ ಕಾಯಿಲೆ ಅಂತ ಇಎಸ್‌ಐ ಯಾರನ್ನೂ ದೂರ ಇಡುವುದಿಲ್ಲ. ಹೊರರೋಗಿ ಚಿಕಿತ್ಸೆ, ಮಾತ್ರೆ, ದೊಡ್ಡ ಆಸ್ಪತ್ರೆಗೆ ರೆಫರಲ್ ಎಲ್ಲವೂ ಸಿಗುತ್ತದೆ, ನಿಮ್ಮನ್ನೇ ನಂಬಿರುವ ತಂದೆ ತಾಯಿಗೂ ಸಿಗುತ್ತದೆ. ಖಾಸಗಿ ಪಾಲಿಸಿಗಳು ಸಾಮಾನ್ಯವಾಗಿ ಕೊಡದಿರುವುದು ಈ ಹೊರರೋಗಿ ಖರ್ಚನ್ನೇ. ಫಿಟ್ಸ್ ಇರುವವರಿಗೆ ಖರ್ಚು ಬರುವುದು ಆಸ್ಪತ್ರೆಯ ಹಾಸಿಗೆಯಲ್ಲಲ್ಲ, ತಿಂಗಳು ತಿಂಗಳು ಮೆಡಿಕಲ್ ಶಾಪಿನಲ್ಲಿ. ಡಿಸ್ಪೆನ್ಸರಿಯ ಕ್ಯೂ ಉದ್ದ, ನಿಮ್ಮ ಬ್ರ್ಯಾಂಡಿನ ಮಾತ್ರೆಯೇ ಸಿಗುತ್ತದೆಂಬ ಖಾತ್ರಿ ಇಲ್ಲ, ನಿಜ. ಬ್ರ್ಯಾಂಡ್ ಬದಲಾದರೆ ನಿಮ್ಮ ನರರೋಗ ತಜ್ಞರನ್ನು ಕೇಳದೆ ನುಂಗಬೇಡಿ. ಆದರೂ ಈ ವಿಮೆಯ ಗುರುತಿನ ಚೀಟಿಯಾದ ಇ-ಪೆಹಚಾನ್ ಕಾರ್ಡ್ ತೆಗೆಸಿ ಇಟ್ಟುಕೊಳ್ಳಿ.

ಇದರಲ್ಲಿ ಒಂದು ತೊಡಕಿದೆ. ಸಂಬಳ 21,000 ದಾಟಿದರೆ ಇಎಸ್‌ಐ ನಿಲ್ಲುತ್ತದೆ (ಅಂಗವಿಕಲರಿಗೆ ಮಾತ್ರ ಮಿತಿ 25,000). ನಡೆಯುತ್ತಿರುವ ಆರು ತಿಂಗಳ ಅವಧಿ ಮುಗಿಯುವ ತನಕ ಹಣ ಹಿಡಿಯುತ್ತಾರೆ, ಆ ಹಣದ ಮೇಲೆ ಚಿಕಿತ್ಸೆ ಇನ್ನು ಕೆಲವು ತಿಂಗಳು ಸಿಗುತ್ತದೆ, ಆಮೇಲಿಲ್ಲ. ನಿಮಗೆ ಎರಡು ಇನ್‌ಕ್ರಿಮೆಂಟ್ ಸಾಕು. ಹಾಗಾಗಿ ಖಾಸಗಿ ಪಾಲಿಸಿ ಬೇಕು, ಅದನ್ನು ಇಎಸ್‌ಐ ಇರುವಾಗಲೇ ತೆಗೆದುಕೊಳ್ಳಬೇಕು.

ಈಗ ಏಜೆಂಟರ ಮಾತು. ಅದರಲ್ಲಿ ಅರ್ಧ ನಿಜ ಇರುವುದರಿಂದಲೇ ಅಪಾಯ. ಪಾಲಿಸಿ ಬಿಡದೆ 60 ತಿಂಗಳು ನಡೆಸಿದರೆ, ಕಾಯಿಲೆ ಮುಚ್ಚಿಟ್ಟಿದ್ದೀರಿ ಎಂಬ ಕಾರಣಕ್ಕೆ ಕಂಪನಿ ಕ್ಲೇಮ್ ತಳ್ಳಿಹಾಕುವಂತಿಲ್ಲ ಎಂಬ ನಿಯಮ ಇದೆ. 2024ಕ್ಕೆ ಮುಂಚೆ ಇದು ಎಂಟು ವರ್ಷ ಇತ್ತು. ಆದರೆ ಅದೇ ನಿಯಮದಲ್ಲಿ 'ವಂಚನೆ ಸಾಬೀತಾದರೆ ಹೊರತು' ಎಂಬ ಮಾತೂ ಇದೆ. ದಿನಾ ಮಾತ್ರೆ ನುಂಗುತ್ತಾ 'ಇಲ್ಲ' ಅಂತ ಟಿಕ್ ಹಾಕಿದ್ದನ್ನು ಕಂಪನಿ ಬೇರೇನೆಂದು ಕರೆಯುತ್ತದೆ?

ಐದು ವರ್ಷ ತುಂಬುವ ಮೊದಲೇ ಏನಾಗಬಹುದು ನೋಡಿ. ನಿಮಗೆ ಡೆಂಗಿ ಬಂತು, ಅಡ್ಮಿಟ್ ಆದಿರಿ. ಕ್ಯಾಶುವಾಲ್ಟಿಯಲ್ಲಿ ಡ್ಯೂಟಿ ಡಾಕ್ಟರು 'ಬೇರೆ ಮಾತ್ರೆ ಏನಾದ್ರೂ ತಗೋತೀರಾ?' ಅಂತಾರೆ. ಪಕ್ಕದಲ್ಲಿ ನಿಂತ ತಾಯಿ 'ಹೌದು ಡಾಕ್ಟ್ರೇ, ಫಿಟ್ಸ್‌ಗೆ, ಹನ್ನೊಂದು ವರ್ಷ ಆಯ್ತು' ಅಂತಾರೆ. ಕೇಸ್ ಶೀಟಿನ ಮೇಲ್ತುದಿಯಲ್ಲಿ ಒಂದು ಸಾಲು ಬಿತ್ತು. ಕ್ಲೇಮ್ ಪರಿಶೀಲಿಸುವವರು ಮೊದಲು ಓದುವುದೂ ಆ ಸಾಲನ್ನೇ, ಪಕ್ಕದಲ್ಲಿಟ್ಟು ನೋಡುವುದು ನಿಮ್ಮ ಪಾಲಿಸಿಯ ತಾರೀಕನ್ನು. ಡೆಂಗಿಗೂ ಫಿಟ್ಸಿಗೂ ಸಂಬಂಧ ಇಲ್ಲ, ಆದರೂ ಕ್ಲೇಮ್ ಹೋಯಿತು, ಪಾಲಿಸಿಯೂ ರದ್ದಾಗಬಹುದು. ಹಾಗಾದರೆ ಡಾಕ್ಟರಿಗೂ ಹೇಳದೆ ಇರೋಣವೇ? ದಯವಿಟ್ಟು ಬೇಡ. ಫ್ಲೋರೋಕ್ವಿನೊಲೋನ್ ಗುಂಪಿನ ಕೆಲವು ಆ್ಯಂಟಿಬಯೋಟಿಕ್‌ಗಳೇ ಫಿಟ್ಸ್ ತರಿಸಬಲ್ಲವು, ಅವರಿಗೆ ಗೊತ್ತಿರಬೇಕು.

ಬರೆದುಕೊಟ್ಟರೆ ಲೆಕ್ಕವೇ ಬೇರೆ. ಮೊದಲಿನಿಂದ ಇರುವ ಕಾಯಿಲೆಗೆ ದುಡ್ಡು ಕೊಡಲು ಕಂಪನಿ ಹೆಚ್ಚೆಂದರೆ 36 ತಿಂಗಳು ಕಾಯಿಸಬಹುದು. 2024ರ ಏಪ್ರಿಲ್‌ಗೆ ಮುಂಚೆ ಇದು 48 ತಿಂಗಳಿತ್ತು. ಈ ಎಣಿಕೆ ಶುರುವಾಗುವುದು ಕಾಯಿಲೆಯನ್ನು ಹೇಳಿ ಪಾಲಿಸಿ ಪಡೆದ ದಿನದಿಂದ. ಇವತ್ತು ಹೇಳಿದರೆ ನಿಮಗೆ 32 ಆಗುವ ಹೊತ್ತಿಗೆ ಮುಗಿದಿರುತ್ತದೆ. ಮುಚ್ಚಿಟ್ಟರೆ ಎಣಿಕೆ ಶುರುವಾಗುವುದೇ ಇಲ್ಲ.

ಆದರೆ ಕೊಡುವವರು ಯಾರು ಅಂತೀರಿ. ಮೂರನೇ ಕಡೆ ಅರ್ಜಿ ಹಾಕುವ ಮೊದಲು ನಿಮ್ಮ ನರರೋಗ ತಜ್ಞರಿಂದ ಒಂದು ಪುಟದ ಪತ್ರ ಬರೆಸಿಕೊಳ್ಳಿ. ಯಾವ ಬಗೆಯ ಫಿಟ್ಸ್, ಕೊನೆಯ ಸಲ ಬಂದ ತಾರೀಕು, ಎಂಆರ್‌ಐನಲ್ಲಿ ಏನು ಕಂಡಿತು, ಮಾತ್ರೆಯ ಪ್ರಮಾಣ ಎಷ್ಟು ವರ್ಷದಿಂದ ಬದಲಾಗಿಲ್ಲ, ಫಿಟ್ಸ್‌ಗಾಗಿ ಎಂದಾದರೂ ಐಸಿಯು ಸೇರಿದ್ದುಂಟೇ. ಅರ್ಜಿಯಲ್ಲಿ ಬರೀ 'ಎಪಿಲೆಪ್ಸಿ' ಅಂತ ಇದ್ದರೆ, ಅದನ್ನು ನೋಡುವವರು ಕೆಟ್ಟದ್ದನ್ನೇ ಊಹಿಸಿಕೊಳ್ಳುತ್ತಾರೆ. ಈಗಾಗಲೇ ಆಗಲ್ಲ ಅಂದವರಿಗೂ ಇಮೇಲ್ ಹಾಕಿ, ಕಾರಣವನ್ನು ಲಿಖಿತವಾಗಿ ಕೇಳಿ, ಅದು ನಿಮ್ಮ ಹಕ್ಕು. ಸಿಕ್ಕಸಿಕ್ಕಲ್ಲೆಲ್ಲ ಅರ್ಜಿ ಹಾಕಬೇಡಿ. 'ಈ ಹಿಂದೆ ಯಾರಾದರೂ ನಿರಾಕರಿಸಿದ್ದಾರೆಯೇ' ಎಂಬ ಪ್ರಶ್ನೆ ಅರ್ಜಿಗಳಲ್ಲಿ ಇರುತ್ತದೆ.

ಒಪ್ಪಿದವರು ಪ್ರೀಮಿಯಂ ಹೆಚ್ಚಿಸಬಹುದು, ಇಲ್ಲವೇ 'ಮೂರ್ಛೆರೋಗ ಬಿಟ್ಟು ಉಳಿದೆಲ್ಲಕ್ಕೂ ಕೊಡುತ್ತೇವೆ' ಅನ್ನಬಹುದು. ಶಾಶ್ವತವಾಗಿ ಹೊರಗಿಡಬಹುದಾದ ಕಾಯಿಲೆಗಳ ಪಟ್ಟಿಯೊಂದನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿತ್ತು. ಮೂರ್ಛೆರೋಗ, ಪಾರ್ಕಿನ್ಸನ್ಸ್, ಆಲ್ಜೈಮರ್ಸ್, ಪಾರ್ಶ್ವವಾಯು, ಮಲ್ಟಿಪಲ್ ಸ್ಕ್ಲೀರೋಸಿಸ್ ಎಲ್ಲವೂ ಅದರಲ್ಲಿದ್ದವು. ಉದ್ದೇಶ ಕೆಟ್ಟದ್ದೇನಲ್ಲ: ಆ ಒಂದು ಕಾಯಿಲೆ ಬಿಟ್ಟು ಮನುಷ್ಯನಿಗಾದರೂ ವಿಮೆ ಕೊಡಿ ಅಂತ. (ಮದುವೆಗೆ ಅಡ್ಡಿಯಾಗುವ ಕಾರಣಗಳ ಸಾಲಿನಿಂದ ಮೂರ್ಛೆರೋಗವನ್ನು ಹಿಂದೂ ವಿವಾಹ ಕಾಯ್ದೆ 1999ರಲ್ಲೇ ಕೈಬಿಟ್ಟಿತು. ವಿಮೆಯವರು ಮದುವೆ ದಲ್ಲಾಳಿಗಳಿಗಿಂತ ಹಿಂದೆ ಉಳಿದಿದ್ದಾರೆ.) ಏನೂ ಇಲ್ಲದಿರುವುದಕ್ಕಿಂತ ಇದು ವಾಸಿ, ಆದರೆ ಸಹಿ ಹಾಕುವ ಮೊದಲು ಹೊರಗಿಟ್ಟಿದ್ದು ಯಾವುದು ಅಂತ ಅಕ್ಷರ ಅಕ್ಷರ ಓದಿ. 2019ರ ಪಟ್ಟಿಯಲ್ಲಿ ಮೂರ್ಛೆರೋಗದ ಎದುರು 'ಜಿ40' ಎಂಬ ಸಂಕೇತ ಇತ್ತು, ಅದು ಆ ಒಂದು ಕಾಯಿಲೆಗೆ ಇರುವ ಅಂತರರಾಷ್ಟ್ರೀಯ ಸಂಕೇತ. ಹಾಗೆ ನಿಖರವಾಗಿದ್ದರೆ ಪರವಾಗಿಲ್ಲ. 'ನರಸಂಬಂಧಿ ಕಾಯಿಲೆಗಳು' ಅಂತ ಅಗಲವಾಗಿ ಬರೆದಿದ್ದರೆ, ನಾಳೆ ಡಿಸ್ಕ್ ಜಾರಿದರೂ ಜಗಳ. ಪಾಲಿಸಿ ಕೈಸೇರಿದ ಮೇಲೆ 30 ದಿನದೊಳಗೆ ಬೇಡವೆಂದು ವಾಪಸ್ ಕೊಡಬಹುದು, ಆ ಸಮಯ ಓದುವುದಕ್ಕೇ ಇರುವುದು.

ಇನ್ನೊಂದು, ನರರೋಗದವರು ಮತ್ತೆ ಮತ್ತೆ ಎಡವುವ ಕಡೆ. ವಿಡಿಯೋ ಇಇಜಿ (ವಿಡಿಯೋ ತೆಗೆಯುತ್ತಾ ಮೆದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಪರೀಕ್ಷೆ) ಮಾಡಲು ಎರಡು ದಿನ ಅಡ್ಮಿಟ್ ಮಾಡಿಕೊಳ್ಳುತ್ತಾರೆ. ಬರೀ ಪರೀಕ್ಷೆಗಾಗಿ ದಾಖಲಾದರೆ ದುಡ್ಡಿಲ್ಲ ಎಂಬುದು ಪಾಲಿಸಿಗಳಲ್ಲಿರುವ ಪ್ರಮಾಣಿತ ಷರತ್ತು. ಕಾಯುವ ಅವಧಿ ಮುಗಿದಿದ್ದರೂ ಕ್ಲೇಮ್ ತಿರಸ್ಕೃತ ಆಗುವುದು ಹೀಗೆ. ಚಿಕಿತ್ಸೆಯೂ ನಡೆದಿದ್ದರೆ, ಅಂದರೆ ಡ್ರಿಪ್‌ನಲ್ಲಿ ಔಷಧ ಕೊಟ್ಟಿದ್ದರೆ ಅಥವಾ ಮಾತ್ರೆ ಬದಲಿಸಿ ನಿಗಾದಲ್ಲಿಟ್ಟಿದ್ದರೆ, ಡಿಸ್ಚಾರ್ಜ್ ಸಮ್ಮರಿಯಲ್ಲಿ ಅದು ಬಂದಿದೆಯೇ ನೋಡಿಕೊಂಡೇ ಮನೆಗೆ ಹೊರಡಿ.

ಪ್ರಶ್ನೆ: ಅಪ್ಪನಿಗೆ 63, ಪಾರ್ಕಿನ್ಸನ್ಸ್ ಇದೆ. ನನ್ನ ಕಂಪನಿಯ ಗುಂಪು ವಿಮೆಯಲ್ಲಿ ಐದು ವರ್ಷದಿಂದ ಅವರ ಹೆಸರಿದೆ. ಮುಂದಿನ ತಿಂಗಳು ಕೆಲಸ ಬಿಡಬೇಕೆಂದಿದ್ದೇನೆ. ಮೆದುಳಿಗೆ ಡಿಬಿಎಸ್ (ಉಪಕರಣ ಅಳವಡಿಸಿ ಸಣ್ಣ ವಿದ್ಯುತ್ ಮಿಡಿತ ಕೊಡುವ ಶಸ್ತ್ರಚಿಕಿತ್ಸೆ) ಮಾಡಿಸುವ ಬಗ್ಗೆ ಡಾಕ್ಟರ್ ಹೇಳಿದ್ದಾರೆ.

ಉತ್ತರ: ರಾಜೀನಾಮೆ ಪತ್ರ ಸದ್ಯ ಜೇಬಿನಲ್ಲೇ ಇರಲಿ. ಗುಂಪು ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ನಿಲ್ಲುತ್ತದೆ. ಅದಕ್ಕೆ ಮುಂಚೆ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಅಪ್ಪನನ್ನು ವರ್ಗಾಯಿಸಲು ಅರ್ಜಿ ಕೊಡಿ. ಅವರು ಅಪ್ಪನ ಆರೋಗ್ಯ ನೋಡಿಯೇ ಒಪ್ಪುತ್ತಾರೆ, ಖಾತ್ರಿಯೇನಿಲ್ಲ. ಒಪ್ಪಿದರೆ ಹಿಂದಿನ ಐದು ವರ್ಷ, ಹಳೆಯ ವಿಮಾ ಮೊತ್ತದ ಮಟ್ಟಿಗೆ, ಕಾಯುವ ಅವಧಿಯ ಲೆಕ್ಕಕ್ಕೆ ಬರುತ್ತದೆ. ಅಪ್ಪನ ಹೆಸರು ಯಾವ ವರ್ಷದಿಂದ ಇದೆ ಎಂಬುದಕ್ಕೆ ಎಚ್‌ಆರ್‌ನಿಂದ ಪತ್ರ ತೆಗೆದಿಟ್ಟುಕೊಳ್ಳಿ. ಕೆಲಸ ಬಿಟ್ಟ ಮೇಲೆ ಕೇಳಿದರೆ ಯಾರೂ ಫೋನ್ ಎತ್ತಲ್ಲ.

ಡಿಬಿಎಸ್ ಅನ್ನು ಕಂಪನಿಗಳು ಪೂರ್ತಿ ಹೊರಗಿಡುವಂತಿಲ್ಲ. 2019ರಲ್ಲಿ ಪಟ್ಟಿ ಮಾಡಿದ 12 ಆಧುನಿಕ ಚಿಕಿತ್ಸೆಗಳಲ್ಲಿ ಅದೂ ಒಂದು. ಉಪಮಿತಿ (ಆ ಒಂದು ಚಿಕಿತ್ಸೆಗೆ ಇಷ್ಟೇ ಎಂಬ ಮಿತಿ) ಹಾಕಬಹುದು, ಮತ್ತೆ ಇದರಲ್ಲಿ ಉಪಕರಣದ ಬೆಲೆಯೇ ದೊಡ್ಡದು. ಹಾಗಾಗಿ ಉಪಮಿತಿ ಎಷ್ಟು ಅಂತ ಮೊದಲೇ ಕೇಳಿ. ವರ್ಗಾವಣೆ ಆಗದಿದ್ದರೆ ಅಂಗವೈಕಲ್ಯ ಪ್ರಮಾಣಪತ್ರದ ದಾರಿ ಇದೆ. ಪಾರ್ಕಿನ್ಸನ್ಸ್ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಸೇರಿದೆ. ದೆಹಲಿ ಹೈಕೋರ್ಟ್ 2022ರ ಡಿಸೆಂಬರ್‌ನಲ್ಲಿ ಕೊಟ್ಟ ಆದೇಶದ ನಂತರ, ಅಂಗವಿಕಲರಿಗೆಂದೇ ಒಂದು ಪಾಲಿಸಿ ಕೊಡಬೇಕು ಅಂತ ಪ್ರಾಧಿಕಾರ 2023ರಲ್ಲಿ ವಿಮಾ ಕಂಪನಿಗಳಿಗೆ ಹೇಳಿದೆ. ಕೌಂಟರಿನಲ್ಲಿರುವವರಿಗೆ ಅದರ ಹೆಸರು ಗೊತ್ತಿರದಿದ್ದರೆ ಆಶ್ಚರ್ಯಪಡಬೇಡಿ, ಲಿಖಿತವಾಗಿ ಕೇಳಿ.

ಪ್ರಶ್ನೆ: ಏಳು ವರ್ಷದ ಮಗಳಿಗೆ ಸೆರೆಬ್ರಲ್ ಪಾಲ್ಸಿ. ಫಿಸಿಯೋಥೆರಪಿಗೆ ವಿಮೆ ಇದೆಯೇ?

ಉತ್ತರ: ಇದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಯೋಜನೆ. ವರ್ಷಕ್ಕೆ 1 ಲಕ್ಷದ ತನಕ, ವೈದ್ಯಕೀಯ ಪರೀಕ್ಷೆ ಇಲ್ಲದೆ ಸೇರಿಸಿಕೊಳ್ಳುತ್ತಾರೆ, ಹೊರರೋಗಿ ಖರ್ಚು ಮತ್ತು ಥೆರಪಿಗೂ ಸಿಗುತ್ತದೆ. ಆದರೆ ಒಂದೊಂದಕ್ಕೂ ಒಳಮಿತಿ ಇದೆ. ಮೊದಲು ನೀವೇ ದುಡ್ಡು ಕಟ್ಟಿ ಆಮೇಲೆ ವಾಪಸ್ ಪಡೆಯಬೇಕಾದ್ದರಿಂದ ಥೆರಪಿಸ್ಟ್ ಕೊಡುವ ಪ್ರತಿ ರಸೀದಿಯಲ್ಲೂ ತಾರೀಕು, ಸೀಲು ಇರಲಿ. ಅಂಗವೈಕಲ್ಯ ಪ್ರಮಾಣಪತ್ರ ಇಲ್ಲದೆ ಅರ್ಜಿ ಮುಂದೆ ಹೋಗಲ್ಲ, ಅದಿನ್ನೂ ಆಗಿಲ್ಲದಿದ್ದರೆ ಈ ವಾರವೇ ಅದಕ್ಕೆ ಓಡಾಡಿ.