ಎಲ್‌ಡ್ಯಾಪ್ ಖಾತೆಯ ವಿದ್ಯಾರ್ಥಿಗಳಿಗೆ ಆರ್ಡುಯಿನೊ ಪೋರ್ಟಿನ ಅನುಮತಿ

ಮಾನ್ಯರೇ, ಚಿತ್ರದುರ್ಗದ ತಮ್ಮ ಕಾಲೇಜಿನ ಲ್ಯಾಬಿನಲ್ಲಿ ಸ್ಥಳೀಯ ಖಾತೆಗೆ ತೆರೆದುಕೊಳ್ಳುವ ಆರ್ಡುಯಿನೊ (ಯುಎಸ್‌ಬಿಯಿಂದ ಜೋಡಿಸುವ ಪುಟ್ಟ ಎಲೆಕ್ಟ್ರಾನಿಕ್ಸ್ ಬೋರ್ಡ್) ಪೋರ್ಟ್ ಎಲ್‌ಡ್ಯಾಪ್ ಖಾತೆಯ, ಅಂದರೆ ಕೇಂದ್ರ ಸರ್ವರಿನಲ್ಲಿ ಖಾತೆಯಿರುವ, ವಿದ್ಯಾರ್ಥಿಗಳಿಗೆ ತೆರೆಯುತ್ತಿಲ್ಲ, ಅದಕ್ಕೆ 666 ಅನುಮತಿ (ಎಲ್ಲರೂ ಓದಿ ಬರೆಯಬಹುದಾದ ಅನುಮತಿ) ಕೊಟ್ಟುಬಿಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಬೋರ್ಡನ್ನು ಕಿತ್ತು ಮತ್ತೆ ಸಿಕ್ಕಿಸಿದೊಡನೆ ಆ ಅನುಮತಿ ಹೋಗಿಬಿಡುತ್ತದೆ; ಇರುವಷ್ಟು ಹೊತ್ತು, ಎಸ್‌ಎಸ್‌ಎಚ್ ಮೂಲಕ ಬೇರೆಡೆಯಿಂದ ಬಂದವರೂ ಎದುರು ಕುಳಿತ ವಿದ್ಯಾರ್ಥಿಯ ಬೋರ್ಡಿಗೆ ಬರೆಯಬಹುದು.

ಉಬುಂಟು ಲಿನಕ್ಸಿನಲ್ಲಿ ಬೋರ್ಡಿನ ಸೀರಿಯಲ್ ಪೋರ್ಟು ಡಯಲ್‌ಔಟ್ ಗುಂಪಿಗೆ ಸೇರಿರುತ್ತದೆ. ಆ ಗುಂಪಿನ ಪಟ್ಟಿ ಇರುವುದು ಆಯಾ ಯಂತ್ರದಲ್ಲಿ, ವಿದ್ಯಾರ್ಥಿಯ ಹೆಸರು ಇರುವುದು ಸರ್ವರಿನಲ್ಲಿ. ತೊಡಕಿನ ಮೂಲ ಇದೇ. ಖಾತೆಯನ್ನು ಗುಂಪಿಗೆ ಸೇರಿಸುವ ಯೂಸರ್‌ಮಾಡ್ ಆದೇಶ ಸ್ಥಳೀಯ ಖಾತೆಗಳನ್ನಷ್ಟೇ ಬದಲಿಸಬಲ್ಲದು. ಸರ್ವರಿನಲ್ಲೇ ಡಯಲ್‌ಔಟ್ ಗುಂಪನ್ನು ರಚಿಸೋಣವೆಂದರೆ, ಡೆಬಿಯನ್ ಮತ್ತು ಉಬುಂಟುಗಳಲ್ಲಿ ಅದರ ಸಂಖ್ಯೆ 20, ಫೆಡೋರಾದಲ್ಲಿ 18. ಫೆಡೋರಾದಲ್ಲಿ 20 ಎಂದರೆ ಗೇಮ್ಸ್ ಗುಂಪು; ಹೀಗಾಗಿ ಒಂದೇ ಸಂಖ್ಯೆ ಎಲ್ಲ ಯಂತ್ರಗಳಿಗೂ ಹೊಂದುವುದಿಲ್ಲ.

ದಾವಣಗೆರೆಯ ನಮ್ಮ ಲ್ಯಾಬಿನಲ್ಲಿ ಗುಂಪುಗಳ ಗೋಜಿಗೇ ಹೋಗದೆ, ಸಾಧನಗಳನ್ನು ನಿರ್ವಹಿಸುವ ಲಿನಕ್ಸ್ ಸೇವೆಯಾದ ಯುಡೆವ್‌ನ ಯುಆ್ಯಕ್ಸೆಸ್ ಟ್ಯಾಗನ್ನು ಬಳಸುತ್ತೇವೆ. ತಮಗೂ ಅದನ್ನೇ ಮನಸಾರೆ ಸೂಚಿಸುತ್ತೇನೆ. ಈ ಟ್ಯಾಗ್ ಇರುವ ಸಾಧನಕ್ಕೆ, ಯಂತ್ರದ ಮುಂದೆ ಕುಳಿತು ಲಾಗಿನ್ ಆಗಿರುವವರ ಹೆಸರಿನಲ್ಲಿ, ಅವರ ಖಾತೆ ಎಲ್ಲಿಂದ ಬಂದಿದ್ದರೂ ಸರಿ, ಸಿಸ್ಟಮ್‌ಡಿಯ ಲಾಗಿನ್ ಸೇವೆಯೇ ಅನುಮತಿ ಬರೆಯುತ್ತದೆ ಮತ್ತು ಅವರು ಹೊರಟಾಗ ಅದನ್ನು ಹಿಂಪಡೆಯುತ್ತದೆ. ಯುಡೆವ್ ನಿಯಮದ ಕಡತವೊಂದರಲ್ಲಿ ಸೀರಿಯಲ್ ಪೋರ್ಟುಗಳ ಟಿಟಿವೈ ಸಬ್‌ಸಿಸ್ಟಮ್ ಎಂದೂ ತಯಾರಕರ ಐಡಿಯನ್ನೂ ಕೊಟ್ಟು ಟ್ಯಾಗ್ ಸೇರಿಸಿ: ಮೂಲ ಆರ್ಡುಯಿನೊಗೆ 2341, ಅಗ್ಗದ ಬೋರ್ಡುಗಳ ಸಿಎಚ್340 ಚಿಪ್ಪಿಗೆ 1ಎ86. ಕಡತದ ಹೆಸರು 73ಕ್ಕಿಂತ ಕಡಿಮೆ ಸಂಖ್ಯೆಯಿಂದ, ಉದಾಹರಣೆಗೆ 70ರಿಂದ, ಆರಂಭವಾಗಲೇಬೇಕು. ಯುಡೆವ್ ಕಡತಗಳನ್ನು ಹೆಸರಿನ ಕ್ರಮದಲ್ಲಿ ಓದುತ್ತದೆ; ಟ್ಯಾಗನ್ನು ಓದಿ ಅನುಮತಿ ಕೊಡಿಸುವ ನಿಯಮ 73ರಲ್ಲಿರುವುದರಿಂದ, 99 ಎಂದು ಹೆಸರಿಟ್ಟರೆ ಯಾವ ದೋಷಸಂದೇಶವೂ ಬಾರದೆ ನಿಯಮ ವ್ಯರ್ಥವಾಗುತ್ತದೆ. ಬಳಿಕ ಯುಡೆವ್ ನಿಯಮಗಳನ್ನು ಮರುಲೋಡ್ ಮಾಡಿ, ಬೋರ್ಡನ್ನು ಮತ್ತೆ ಸಿಕ್ಕಿಸಿ, ಪೋರ್ಟಿನ ಅನುಮತಿಗಳನ್ನು ತೋರಿಸುವ ಗೆಟ್‌ಎಫ್‌ಎಸಿಎಲ್ ಆದೇಶದಲ್ಲಿ ವಿದ್ಯಾರ್ಥಿಯ ಹೆಸರು ಕಾಣುತ್ತದೆಯೇ ನೋಡಿ.

ಉಬುಂಟು 22.04ರಲ್ಲಿ ಸಿಎಚ್340 ಬೋರ್ಡಿನ ಪೋರ್ಟೇ ಮಾಯವಾಗುತ್ತಿದ್ದರೆ ಅದು ಅನುಮತಿಯ ದೋಷವಲ್ಲ. ಬ್ರೈಲ್ ಸಾಧನಗಳಿಗಾಗಿ ಇರುವ ಬಿಆರ್‌ಎಲ್‌ಟಿಟಿವೈ ಸೇವೆ ಆ ಚಿಪ್ಪನ್ನು ತನ್ನದೆಂದು ಹಿಡಿದುಕೊಳ್ಳುತ್ತದೆ. ಬ್ರೈಲ್ ಬಳಸುವ ವಿದ್ಯಾರ್ಥಿಗಳು ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡ ನಂತರವೇ ಅದನ್ನು ತೆಗೆಯಿರಿ.

ದೂರದಿಂದ ಲಾಗಿನ್ ಆಗುವವರಿಗೂ ಬೋರ್ಡು ಬೇಕಾದರೆ ಮಾತ್ರ ಪ್ಯಾಮ್ (ಲಿನಕ್ಸಿನ ಲಾಗಿನ್ ಪರಿಶೀಲನಾ ವ್ಯವಸ್ಥೆ) ಗ್ರೂಪ್ ಮಾಡ್ಯೂಲ್ ಬಳಸಿ. ಅದು ಲಾಗಿನ್ ಸಮಯದಲ್ಲಿ ಡಯಲ್‌ಔಟ್ ಸದಸ್ಯತ್ವ ಕೊಡುತ್ತದೆ. ಆದರೆ ಒಮ್ಮೆ ಸದಸ್ಯನಾದವನು, ಯಾರು ಓಡಿಸಿದರೂ ಗುಂಪಿನ ಹಕ್ಕಿನಲ್ಲೇ ಓಡುವ ಸೆಟ್‌ಜಿಐಡಿ ಕಡತವೊಂದನ್ನು ಮಾಡಿಟ್ಟುಕೊಂಡು ಆ ಹಕ್ಕನ್ನು ಮುಂದೆಯೂ ಉಳಿಸಿಕೊಳ್ಳಬಹುದಾದ್ದರಿಂದ, ವಿದ್ಯಾರ್ಥಿಗಳು ಬರೆಯಬಲ್ಲ ಹೋಮ್ ಮುಂತಾದ ವಿಭಾಗಗಳನ್ನು, ಅಂಥ ಹಕ್ಕನ್ನು ಕಡೆಗಣಿಸುವ ನೋಸ್ಯೂಐಡಿ ಆಯ್ಕೆಯೊಡನೆ ಮೌಂಟ್ ಮಾಡಿ.