ಕೂದಲು ಒರಟಾಗಿ ನಡುವೆಯೇ ತುಂಡಾಗುತ್ತಿದೆ, ಮನೆಮದ್ದು ಇದೆಯೇ?

ಬುಡದಿಂದ ಉದುರುವುದು ಬೇರೆ, ನಡುವೆ ತುಂಡಾಗುವುದು ಬೇರೆ. ಒದ್ದೆ ಕೂದಲು ಎಳೆದರೆ ಹೆಚ್ಚು ಹಿಗ್ಗಿ ಬೇಗ ಹರಿಯುತ್ತದೆ. ತೀರ್ಥಹಳ್ಳಿ ಕಡೆಯ ಮಳೆಗಾಲದಲ್ಲಿ ಜಡೆ ಸಂಜೆಯಾದರೂ ಒಣಗುವುದಿಲ್ಲ, ಆಗ ಬಾಚಣಿಗೆ ಎಳೆಯಲೇಬೇಡಿ. ಸ್ನಾನಕ್ಕೆ ಮೊದಲು ಕೊಬ್ಬರಿ ಎಣ್ಣೆ ಹಚ್ಚಿ. ಅದರಲ್ಲಿರುವ ಲಾರಿಕ್ ಆಮ್ಲ ಎಂಬ ಕೊಬ್ಬಿನಂಶ ಕೂದಲಿನ ಎಳೆಯೊಳಗೆ ಇಳಿದು, ತೊಳೆಯುವಾಗಿನ ಪ್ರೋಟೀನ್ ನಷ್ಟವನ್ನು ತಗ್ಗಿಸುತ್ತದೆ.

ನನಗೆ ಹೆಚ್ಚು ನಂಬಿಕೆ ದಾಸವಾಳದ ಸೊಪ್ಪಿನ ಮೇಲೆ. ಹತ್ತಿಪ್ಪತ್ತು ಎಲೆಗಳನ್ನು ನೀರಿನಲ್ಲಿ ಕಿವುಚಿ ಬಟ್ಟೆಯಲ್ಲಿ ಸೋಸಿದರೆ, ಬೆರಳಿನಿಂದ ನೂಲಿನಂತೆ ಇಳಿಯುವ ಹಸಿರು ಲೋಳೆ ಸಿಗುತ್ತದೆ. ಸೀಗೆಪುಡಿಯಲ್ಲಿ ತೊಳೆದ ಮೇಲೆ ಅದನ್ನು ಸವರಿದರೆ ಸಿಕ್ಕು ಸಲೀಸಾಗಿ ಬಿಡುತ್ತದೆ. ಹಂಡೆಯ ಸುಡುನೀರು ತಲೆಗೆ ಬೇಡ, ಉಗುರುಬೆಚ್ಚಗಿರಲಿ. ಜೊತೆಗೆ ವಿಪರೀತ ಸುಸ್ತೂ ಇದ್ದರೆ ಥೈರಾಯ್ಡ್ ಮತ್ತು ಕಬ್ಬಿಣದಂಶದ ರಕ್ತಪರೀಕ್ಷೆ ಮಾಡಿಸಿಕೊಳ್ಳಿ.