ನೀವು ಕೇಳಿದ್ರಿ: ದೊಡ್ಡ ಸಿಟಿ ಬಿಟ್ಟು ಮಧ್ಯಮ ಊರಿಗೆ ಹೋಗೋದಾ, ಬೇಡ್ವಾ?

ಪ್ರಶ್ನೆ: ಮೇಡಂ ನಮಸ್ತೆ. ನನಗೆ 36, ನಮ್ಮನೆಯವರಿಗೆ 39, ಮಗಳು ಎರಡನೇ ಕ್ಲಾಸು. ಹನ್ನೊಂದು ವರ್ಷದಿಂದ ದೊಡ್ಡ ಸಿಟೀಲೇ ಇದೀವಿ. ಅವರದ್ದು ಸಾಫ್ಟ್‌ವೇರ್, ಈಗ ಪೂರ್ತಿ ಮನೆಯಿಂದ್ಲೇ ಕೆಲಸ. ನಂದು ಔಷಧಿ ಟೆಸ್ಟ್ ಮಾಡೋ ಲ್ಯಾಬಲ್ಲಿ, ಹೋಗೋಕೆ ಒಂದು ಗಂಟೆ ಇಪ್ಪತ್ತು ನಿಮಿಷ ಬರೋಕೂ ಅಷ್ಟೇ, ಮಳೆ ಬಂದ್ರಂತೂ ಕೇಳ್ಬೇಡಿ. ಈಗ ಒಂದು ಮೀಡಿಯಂ ಸೈಜ್ ಊರಲ್ಲಿ ನನಗೆ ಲ್ಯಾಬ್ ಕೆಲಸ ಸಿಕ್ಕಿದೆ. ಸಂಬಳ ಸ್ವಲ್ಪ ಕಡಿಮೆ, ಆದ್ರೆ ಬಾಡಿಗೆ ಅರ್ಧಕ್ಕಿಂತ ಕಮ್ಮಿ. ಇವರು ಹೋಗೋಣ, ಅಲ್ಲೇ ಮನೆ ತಗೊಂಡುಬಿಡೋಣ ಅಂತ ಕುಣೀತಿದ್ದಾರೆ. ನನಗೇ ಧೈರ್ಯ ಸಾಲ್ತಿಲ್ಲ. ಇಷ್ಟು ವರ್ಷ ಇಲ್ಲಿ ಕಲ್ತಿದ್ದೆಲ್ಲಾ ನೀರಲ್ಲಿ ಹೋಮ ಮಾಡ್ದಂಗೆ ಆಗತ್ತಾ?

ಉತ್ತರ: ಧೈರ್ಯ ಸಾಲ್ತಿಲ್ಲ ಅಂದ್ರಲ್ಲ, ಒಳ್ಳೇದೇ ಆಯ್ತು, ಇಬ್ರೂ ಕುಣೀತಿದ್ರೆ ನನಗೆ ಭಯ ಆಗ್ತಿತ್ತು.

ಕೊನೇ ಪ್ರಶ್ನೆಗೆ ಮೊದ್ಲು ಉತ್ತರ ಹೇಳ್ತೀನಿ, ಯಾಕಂದ್ರೆ ಜಾಸ್ತಿ ಕಾಡ್ತಿರೋದು ಅದೇ ಅನ್ಸತ್ತೆ. ಕಲ್ತಿದ್ದು ಎಲ್ಲೂ ಹೋಗಲ್ಲ. ಹೋರ್ಹೆ ದೆ ಲಾ ರೋಕಾ, ಡಿಯೇಗೋ ಪುಗಾ ಅಂತ ಇಬ್ರು ಅರ್ಥಶಾಸ್ತ್ರಜ್ಞರು ಸ್ಪೇನ್ ದೇಶದ ಕೆಲಸಗಾರರ ದಾಖಲೆ ಹಿಡ್ಕೊಂಡು ಸರಿಯಾಗಿ ಇದನ್ನೇ ನೋಡಿದ್ರು, 2017ರಲ್ಲಿ ಅದು ಪ್ರಕಟ ಆಯ್ತು. ದೊಡ್ಡ ಸಿಟೀಲಿ ದುಡಿದ ಅನುಭವಕ್ಕೆ ಬೆಲೆ ಜಾಸ್ತಿ, ಆ ಬೆಲೆ ಚಿಕ್ಕ ಊರಿಗೆ ಹೋದ್ಮೇಲೂ ನಿಮ್ಜೊತೇಲೇ ಬರತ್ತೆ ಅನ್ನೋದು ಅವರಿಗೆ ಕಂಡಿದ್ದು. ಕಮ್ಮಿ ಆಗೋದು ಮುಂದಿನ ವರ್ಷಗಳ ಏರಿಕೆಯ ಸ್ಪೀಡು. ಅದಕ್ಕೇ 24ನೇ ವಯಸ್ಸಲ್ಲಿ ಹೋಗೋದು ಬೇರೆ, ಹನ್ನೊಂದು ವರ್ಷ ಗಂಟು ಕಟ್ಕೊಂಡು 36ಕ್ಕೆ ಹೋಗೋದು ಬೇರೆ. ನೀವು ಒಳ್ಳೇ ಟೈಮಲ್ಲೇ ಇದೀರ.

ಇನ್ನು ಓಡಾಟದ ವಿಷಯ. ಊರು ಎಷ್ಟೇ ಬದಲಾದ್ರೂ ಮನುಷ್ಯ ದಿನಕ್ಕೆ ಸರಾಸರಿ ಒಂದು ಗಂಟೆ ಓಡಾಟ ಸಹಿಸ್ತಾನೆ ಅಂತ ಇಟಲಿಯ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಬರೆದಿದ್ರು. ನಿಮ್ದು ಎರಡು ಗಂಟೆ ನಲ್ವತ್ತು ನಿಮಿಷ! ದೂರ ಓಡಾಡಿದ್ರೆ ಬದಲಿಗೆ ಒಳ್ಳೇ ಸಂಬಳ ಒಳ್ಳೇ ಮನೆ ಸಿಗತ್ತಲ್ಲ, ಲೆಕ್ಕ ಸರಿಹೋಗತ್ತೆ ಅಂತ ನಾವೆಲ್ಲಾ ಅಂದ್ಕೊಂಡಿರ್ತೀವಿ, ಆದ್ರೆ ಸ್ಟುಟ್ಸರ್ ಮತ್ತು ಫ್ರೈ ಅನ್ನೋರು ಜರ್ಮನಿಯ ಜನರ ಸಮೀಕ್ಷೆ ನೋಡಿದಾಗ ಸರಿಹೋಗೋದೇ ಇಲ್ಲ ಅಂತ ಗೊತ್ತಾಯ್ತು, ಓಡಾಟ ಜಾಸ್ತಿ ಇದ್ದವರು ಬದುಕಿನ ಬಗ್ಗೆ ಒಟ್ಟಾರೆ ಕಮ್ಮಿ ಖುಷಿಯಾಗಿದ್ರು. ಹೊಸ ಊರಲ್ಲಿ ಒಂದು ಕಡೆಗೆ 25 ನಿಮಿಷ ಅಂತ ಇಟ್ಕೊಂಡ್ರೂ ದಿನಕ್ಕೆ 110 ನಿಮಿಷ ಉಳೀತು, ವರ್ಷಕ್ಕೆ 240 ದಿನ ಕೆಲಸ ಅಂದ್ರೆ 440 ಗಂಟೆ. ಎಂಟು ಗಂಟೆಯ ಲೆಕ್ಕದಲ್ಲಿ 55 ದಿನದ ಡ್ಯೂಟಿ ಅದು. ಸಂಬಳ ಕಡಿಮೆ ಅಂತ ಮನಸ್ಸು ಅಳುಕಿದಾಗೆಲ್ಲಾ ಇದನ್ನ ಪಕ್ಕದಲ್ಲಿ ಬರ್ಕೊಳ್ಳಿ.

ನಾನೂ ಒಂದ್ಸಲ ಹೀಗೇ ಗಂಟುಮೂಟೆ ಕಟ್ಕೊಂಡು ಹೋದವಳು. ಮೊದಲನೇ ವಾರ ಐದೂ ಮುಕ್ಕಾಲಿಗೇ ಮನೆಗೆ ಬಂದ್ಬಿಟ್ಟೆ, ಹೊರಗೆ ಇನ್ನೂ ಬೆಳಕಿತ್ತು, ಏನು ಮಾಡ್ಬೇಕು ಅಂತ್ಲೇ ಗೊತ್ತಾಗ್ದೆ ತೊಳೆದಿಟ್ಟಿದ್ದ ಲೋಟಗಳನ್ನೇ ಇನ್ನೊಂದ್ಸಲ ತೊಳೆದೆ. ಉಳಿದ ಟೈಮು ತಾನಾಗೇ ಒಳ್ಳೇ ಕೆಲಸಕ್ಕೆ ಹೋಗಲ್ಲ ಕಣ್ರೀ, ಬಹಳ ಸಲ ಫೋನ್ ನುಂಗಿಬಿಡತ್ತೆ.

ಈಗ ನಿಮ್ಮನೆಯವರು ಕುಣಿಯೋದನ್ನ ಸ್ವಲ್ಪ ನಿಲ್ಲಿಸೋ ವಿಷಯ. ಮಧ್ಯಮ ಊರಲ್ಲಿ ಏನಿಲ್ಲ ಅಂತ ಹುಡುಕಿದ್ರೆ ಏನೂ ಸಿಗಲ್ಲ, ಎಲ್ಲಾ ಇರತ್ತೆ. ಆದ್ರೆ ಬಹಳಷ್ಟು ಒಂದೊಂದೇ ಇರತ್ತೆ. ಒಂದು ಒಳ್ಳೇ ಸ್ಕೂಲು, ನಿಮ್ಮ ಲೈನಿನ ಒಂದೇ ಒಂದು ಕಂಪನಿ, ಒಬ್ಬರೇ ಸ್ಪೆಷಲಿಸ್ಟ್ ಡಾಕ್ಟ್ರು. ದೊಡ್ಡ ಸಿಟೀನ ನಾವು ಎಷ್ಟೇ ಬೈದ್ರೂ ಮೊದಲನೇದು ಕೈ ಕೊಟ್ರೆ ಎರಡನೇದು ಇರತ್ತೆ, ಬಾಡಿಗೆ ಜೊತೆ ಅದಕ್ಕೂ ನಾವು ದುಡ್ಡು ಕಟ್ತಿರ್ತೀವಿ.

ನನ್ನ ಮಗನ ಹಲ್ಲಿನ ಕ್ಲಿಪ್ಪಿನ ತಂತಿ ಒಂದು ಶುಕ್ರವಾರ ಕಿತ್ಕೊಂಡು ಕೆನ್ನೆ ಒಳಗೆ ಚುಚ್ತಿತ್ತು. ಆ ಊರಲ್ಲಿ ಆ ಕೆಲಸ ಮಾಡೋ ಡಾಕ್ಟ್ರು ಒಬ್ರೇ, ಅವರು ರಜೆ. ಹನ್ನೊಂದು ದಿನ ಆ ತಂತಿ ತುದಿಗೆ ಮೇಣ ಉಂಡೆ ಮಾಡಿ ಅಂಟಿಸ್ತಿದ್ದೆ, ಊಟಕ್ಕೆ ಮುಂಚೆ ತೆಗಿ, ಆಮೇಲೆ ಮತ್ತೆ ಅಂಟಿಸು. ಡಾಕ್ಟ್ರದ್ದೇನೂ ತಪ್ಪಿಲ್ಲ ಬಿಡಿ, ಅವರೂ ಮನುಷ್ಯರೇ, ರಜೆ ಬೇಡ್ವಾ. ಇನ್ನೊಬ್ರು ಇರ್ಲಿಲ್ಲ, ಅಷ್ಟೇ.

ಕೆಲಸಕ್ಕೂ ಇದೇ ಕಥೆ, ಅಲ್ಲಿ ಏಟು ಮಾತ್ರ ದೊಡ್ಡದು. ಅಮೆರಿಕದ ರೋಚೆಸ್ಟರ್ ಗೊತ್ತಿರ್ಬೋದು, ಕೊಡಾಕ್ ಫಿಲ್ಮ್ ಕಂಪನಿಯ ಊರು. 1980ರ ದಶಕದ ಶುರುವಲ್ಲಿ ಅದೊಂದೇ ಕಂಪನೀಲಿ ಅಲ್ಲಿ 60 ಸಾವಿರ ಜನ ಕೆಲಸ ಮಾಡ್ತಿದ್ರು. 2012ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕ್ತು. ಊರೇನೂ ಮುಳುಗ್ಲಿಲ್ಲ, ಯೂನಿವರ್ಸಿಟಿ, ಅದರ ಆಸ್ಪತ್ರೆ ಇದ್ವು, ಈಗ ಅಲ್ಲಿ ಜಾಸ್ತಿ ಕೆಲಸ ಕೊಡೋದೇ ಯೂನಿವರ್ಸಿಟಿ. ಆದ್ರೆ ಫಿಲ್ಮ್ ತಯಾರಿಸೋದೊಂದೇ ಗೊತ್ತಿದ್ದವನಿಗೆ ಯೂನಿವರ್ಸಿಟಿ ಬೆಳೆದ್ರೆ ಏನು ಬಂತು. ಹಾಗಾಗಿ ಆಫರ್ ಲೆಟರಿಗೆ ಸೈನ್ ಹಾಕೋ ಮುಂಚೆ ಒಂದು ಕೆಲಸ ಮಾಡಿ, ಈ ಲ್ಯಾಬ್ ಮೂರು ವರ್ಷದಲ್ಲಿ ಮುಚ್ಚಿತು ಅಂದ್ಕೊಂಡು ಅದೇ ಊರಲ್ಲಿ ನಿಮಗೆ ಕೆಲಸ ಕೊಡಬಲ್ಲ ಇನ್ನೆರಡು ಜಾಗದ ಹೆಸರು ಬರೀರಿ. ಔಷಧಿ ಲ್ಯಾಬೇ ಆಗ್ಬೇಕಿಲ್ಲ, ಆಸ್ಪತ್ರೆ ಲ್ಯಾಬು, ನೀರು ಆಹಾರ ಟೆಸ್ಟ್ ಮಾಡೋದು, ಕಾಲೇಜು, ಯಾವುದಾದ್ರೂ ಸರಿ. ಹೆಸರು ಬಂತಾ, ಅರ್ಧ ಭಯ ಹೋಯ್ತು. ಬರ್ಲಿಲ್ವಾ, ಆಗ ನೀವು ಹೋಗ್ತಿರೋದು ಊರಿಗಲ್ಲ, ಒಂದು ಕಂಪನಿಗೆ.

ನಿಮ್ಮನೆಯವರ ಹೆಸರಲ್ಲೂ ಇನ್ನೊಂದು ಲಿಸ್ಟ್ ಬರೀರಿ. ಮನೆಯಿಂದ ಕೆಲಸ ಅನ್ನೋದನ್ನ ಒಂದು ಈಮೇಲಲ್ಲಿ ವಾಪಸ್ ತಗೋಬಹುದು, ಎಷ್ಟೋ ಕಡೆ ತಗೊಂಡಿದ್ದಾರೆ. ಗಂಡ ಹೆಂಡ್ತಿ ಇಬ್ರೂ ಓದಿ ಕೆಲಸಕ್ಕೆ ಹೋಗೋ ಜೋಡಿಗಳು ದೊಡ್ಡ ಸಿಟಿಗಳಲ್ಲೇ ಯಾಕೆ ಸೇರ್ಕೊಳ್ತಾರೆ ಅಂತ ಡೋರಾ ಕೋಸ್ಟಾ, ಮ್ಯಾಥ್ಯೂ ಕಾನ್ ಅನ್ನೋರು 2000ನೇ ಇಸವೀಲೇ ಬರೆದಿದ್ರು, ಇಬ್ರಿಗೂ ತಕ್ಕ ಕೆಲಸ ಒಂದೇ ಊರಲ್ಲಿ ಸಿಗೋ ಸಾಧ್ಯತೆ ಅಲ್ಲೇ ಜಾಸ್ತಿ, ಅದೇ ದೊಡ್ಡ ಕಾರಣ. ಅವರ ಕಂಪನಿ ವಾರಕ್ಕೆ ಮೂರು ದಿನ ಆಫೀಸಿಗೆ ಬನ್ನಿ ಅಂದ್ರೆ ಏನು ಮಾಡ್ತೀರ, ಈ ಮಾತು ಹೊರಡೋ ಮುಂಚೆ ಆಗಿರ್ಲಿ.

ಖರ್ಚಿನ ಬಗ್ಗೆ ಜಾಸ್ತಿ ಹೇಳಲ್ಲ, ನೀವೇ ಲೆಕ್ಕ ಹಾಕಿದೀರ. ಒಂದೇ ಮಾತು, ಇಳಿಯೋದು ಮುಖ್ಯವಾಗಿ ಮನೆ ಖರ್ಚು. ಲ್ಯಾಪ್‌ಟಾಪ್, ಫೋನು, ಪೆಟ್ರೋಲು ಇವೆಲ್ಲಾ ಊರು ನೋಡಿ ರೇಟ್ ಇಳಿಸ್ಕೊಳ್ಳಲ್ಲ, ಬಸ್ಸು ಕಮ್ಮಿ ಇರೋ ಊರಾದ್ರೆ ಮನೆಗೆ ಇನ್ನೊಂದು ಗಾಡಿನೂ ಬೇಕಾಗತ್ತೆ.

ಸ್ನೇಹಿತರ ವಿಷಯ ನೀವು ಬರೆದಿಲ್ಲ, ಆದ್ರೆ ಆರನೇ ತಿಂಗಳಲ್ಲಿ ಕಚ್ಚೋದು ಅದೇ. ಪರಿಚಯ ಹತ್ತಿರದ ಸ್ನೇಹ ಆಗೋಕೆ 200 ಗಂಟೆಗೂ ಮೇಲೆ ಜೊತೇಲಿ ಕಳೀಬೇಕು ಅಂತ ಕ್ಯಾನ್ಸಸ್ ಯೂನಿವರ್ಸಿಟಿಯ ಜೆಫ್ರಿ ಹಾಲ್ ಲೆಕ್ಕ ಕೊಟ್ಟಿದ್ದಾರೆ. ನಿಮ್ಹತ್ರ ವರ್ಷಕ್ಕೆ 440 ಗಂಟೆ ಉಳೀತಲ್ಲ, ಲೆಕ್ಕದ ಪ್ರಕಾರ ಇಬ್ರು ಗೆಳತೀರು! ತಮಾಷೆ ಬಿಡಿ, ಮಗಳ ಸ್ಕೂಲ್ ಗೇಟಿಂದ್ಲೇ ಶುರು ಮಾಡಿ. ಒಂದೇ ಮುಖ ವಾರಕ್ಕೆ ನಾಲ್ಕು ಸಲ ಎದುರಾಗೋದು ಇಂಥ ಊರಿನ ಲಾಭ, ಜಗಳ ಆಡ್ಕೊಂಡ್ರೆ ನಷ್ಟಾನೂ ಅದೇ.

ನಿಮ್ ಜಾಗದಲ್ಲಿ ನಾನಿದ್ರೆ ಹೋಗ್ತಿದ್ದೆ, ಆ ಎರಡು ಲಿಸ್ಟೂ ತುಂಬಿದ್ರೆ ಮಾತ್ರ. ಮನೆ ಮಾತ್ರ ಖಂಡಿತಾ ತಗೋತಿರ್ಲಿಲ್ಲ. ಒಂದು ವರ್ಷ, ಆದ್ರೆ ಎರಡು ವರ್ಷ ಬಾಡಿಗೆಗಿರಿ, ಯಾಕಂದ್ರೆ ಮನೆ ಮಾರಿ ವಾಪಸ್ ಬರೋದು ಬಾಡಿಗೆ ಮನೆ ಖಾಲಿ ಮಾಡಿದಷ್ಟು ಸುಲಭ ಅಲ್ಲ. ಊರು ನೋಡೋಕೆ ಶನಿವಾರ ಭಾನುವಾರ ಹೋಗ್ಬೇಡಿ, ರಜೆ ದಿನ ಎಲ್ಲಾ ಊರೂ ಚೆಂದ. ಮಂಗಳವಾರ ಹೋಗಿ ಬೆಳಗ್ಗೆ ಮನೆಯಿಂದ ಸ್ಕೂಲು, ಸ್ಕೂಲಿಂದ ಲ್ಯಾಬು ಓಡಾಡಿ ನೋಡಿ.

ಪ್ರಶ್ನೆ: ನನಗೆ 27, ಇನ್ನೂ ಒಬ್ಬನೇ. ಸಿಟಿ ಸಾಕಾಗೋಗಿದೆ ಮೇಡಂ, ಬೆಳಗ್ಗೆ ಎದ್ರೇನೇ ಸುಸ್ತು. ಹೊಸ ಊರಲ್ಲಿ ಕೆಲಸ ಇನ್ನೂ ನೋಡಿಲ್ಲ, ಮೊದ್ಲು ಶಿಫ್ಟ್ ಆಗಿ ಆಮೇಲೆ ಹುಡುಕೋಣ ಅಂತ ಇದೀನಿ. ಸರೀನಾ?

ಉತ್ತರ: ಸರಿ ಇಲ್ಲ ಮಾರಾಯ. ಮೇಲಿನ ಅಕ್ಕನಿಗೆ ಹೇಳಿದ ಸ್ಪೀಡಿನ ಮಾತು ನಿಂಗೆ ಉಲ್ಟಾ ಹೊಡಿಯತ್ತೆ, ಏರೋ ವಯಸ್ಸು ನಿಂದು. ಊರಿನ ಗಾತ್ರ ಡಬಲ್ ಆದ್ರೆ ತಲಾ ಸಂಬಳ ಸುಮಾರು 10 ಪರ್ಸೆಂಟ್ ಜಾಸ್ತಿ ಇರತ್ತೆ ಅಂತ 2007ರಲ್ಲಿ ಬೆಟನ್‌ಕೋರ್ಟ್, ಜೆಫ್ರಿ ವೆಸ್ಟ್ ಮತ್ತವರ ಜೊತೆಯವರು ತೋರಿಸಿದ್ರು, ಅಪರಾಧಾನೂ ಹೆಚ್ಚುಕಮ್ಮಿ ಹಾಗೇ ಏರತ್ತೆ ಅನ್ನೋದು ಬೇರೆ ಮಾತು. ಆದ್ರೆ ನನ್ನ ಅನುಮಾನ ಅದಲ್ಲ, ನಿನ್ನ ಸುಸ್ತು ಸಿಟೀದಾ ಕೆಲಸದ್ದಾ ಅನ್ನೋದು. ಎರಡು ವಾರ ರಜೆ ಹಾಕಿ ಅದೇ ರೂಮಲ್ಲೇ ಇರು, ಎಲ್ಲೂ ಹೋಗ್ಬೇಡ. ಸುಸ್ತು ಇಳಿದ್ರೆ ಬದಲಾಯಿಸ್ಬೇಕಾಗಿರೋದು ಕಂಪನಿ. ಇಳೀದೇ ಹೋದ್ರೆ ಮೊದ್ಲು ಡಾಕ್ಟ್ರ ಹತ್ರ ಹೋಗಿ ಒಂದು ರಕ್ತ ಪರೀಕ್ಷೆ ಮಾಡಿಸ್ಕೋ.

ಪ್ರಶ್ನೆ: ನಾನು ರಿಟೈರ್ ಆಗಿ ಎರಡು ವರ್ಷ ಆಯ್ತಮ್ಮ, ಇಬ್ಬರೇ ಇದೀವಿ, ನಮ್ಮಾಕೆಗೆ ಬಿಪಿ ಇದೆ. ಇಲ್ಲಿನ ಮನೆ ಮಾರಿ ಶಾಂತವಾದ ಮಧ್ಯಮ ಊರಿಗೆ ಹೋಗಬೇಕೂಂತ ಆಸೆ. ಏನು ನೋಡಬೇಕು?

ಉತ್ತರ: ನಮಸ್ಕಾರ ಸರ್. ಮನೆ ನೋಡೋ ಮುಂಚೆ ಆಸ್ಪತ್ರೆ ನೋಡಿ. ಪಾರ್ಶ್ವವಾಯು ಹೊಡೆದಾಗ ರಕ್ತದ ಹೆಪ್ಪು ಕರಗಿಸೋ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಒಳಗೆ ಕೊಡ್ಬೇಕು, ಕೊಡೋ ಮುಂಚೆ ತಲೆ ಸ್ಕ್ಯಾನ್ ಆಗಿರ್ಲೇಬೇಕು. ಅದಕ್ಕೇ ಆಸ್ಪತ್ರೇಲಿ ಸ್ಕ್ಯಾನ್ ಮೆಷಿನ್ ಇದೆಯಾ ಅಂತ ಕೇಳಿದ್ರೆ ಸಾಲದು, ರಾತ್ರಿ ಎರಡು ಗಂಟೆಗೆ ಅದನ್ನ ಮಾಡೋರು, ನೋಡಿ ಹೇಳೋರು ಇರ್ತಾರಾ ಅಂತ ಕೇಳಿ. ಹೃದಯದ ವಿಷಯಕ್ಕೂ ಹೀಗೇ ಕೇಳಿ. ನಿಮ್ಮಿಬ್ರಲ್ಲಿ ಗಾಡಿ ಓಡಿಸೋದು ಯಾರು ಅನ್ನೋದನ್ನೂ ಯೋಚಿಸಿ, ಅವರೇ ಮಲಗಿಬಿಟ್ರೆ ಇನ್ನೊಬ್ರು ನಡ್ಕೊಂಡು ಹೋಗಿ ಔಷಧಿ ತರೋ ಹಾಗಿರ್ಬೇಕು. ಈಗಿನ ಮನೆ ಮಾರ್ಬೇಡಿ, ಒಂದು ವರ್ಷಕ್ಕೆ ಬಾಡಿಗೆಗೆ ಕೊಟ್ಟು ಹೋಗಿ, ಕೆಟ್ಟ ಹವಾಮಾನದ ತಿಂಗಳೊಂದು ಅಲ್ಲಿ ಕಳೀಲಿ, ಆಮೇಲೆ ಮಾರೋದೋ ಬಿಡೋದೋ ಇಬ್ರೂ ಕೂತು ಮಾತಾಡಿ.